ಊರನ್ನು ಕೇಳಿ ಸಂಶೋಧನೆ ಮಾಡುವ ಬಗೆ: ಮಂಗನ ಕಾಯಿಲೆಯ ಮಲೆನಾಡಿಗೊಂದು ಕೈಪಿಡಿ

ಮೊದಲು ಇನ್ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಪ್ರತಿ ಪುಟದಲ್ಲೂ ನಾಲ್ಕು ಕಾಲಂ ಎಳೆಯಿರಿ: ತಾರೀಖು, ಜನ ಹೇಳಿದ್ದು, ಅದರಿಂದ ನಮ್ಮ ಯೋಜನೆಯಲ್ಲಿ ಬದಲಾದದ್ದು, ಬದಲಾಗದಿದ್ದರೆ ಕಾರಣ. ಊರಿನವರ ಸಲಹಾ ಸಮಿತಿಯ ನೇಮಕಪತ್ರ, ಬ್ಯಾನರು, ಫೋಟೋ ಎಲ್ಲ ಆಮೇಲಿನ ಮಾತು. ವರ್ಷದ ಕೊನೆಗೆ ಮೂರನೆಯ ಕಾಲಂ ಖಾಲಿ ಇದ್ದರೆ, ಅಥವಾ ಅದರ ತುಂಬ ‘ತಿಳಿಹೇಳಲಾಯಿತು’ ಎಂದೇ ಬರೆದಿದ್ದರೆ, ನಡೆದದ್ದು ಬರೀ ಪ್ರಚಾರ.

ವೈದ್ಯಕೀಯ ಸಂಶೋಧನೆಯಲ್ಲಿ ರೋಗಿಗಳನ್ನೂ ಊರಿನವರನ್ನೂ ತೊಡಗಿಸಿಕೊಳ್ಳಬೇಕೆಂದು ಈಗ ಮುಖ್ಯ ಮಾರ್ಗಸೂಚಿಗಳೇ ಹೇಳುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿಯಲ್ಲಿ ಇದೆ. ವೈದ್ಯಕೀಯ ಸಂಶೋಧನೆಯ ನೀತಿ ಹೇಳುವ, 2024ರಲ್ಲಿ ಪರಿಷ್ಕರಣೆಯಾದ ಅಂತರರಾಷ್ಟ್ರೀಯ ಹೆಲ್ಸಿಂಕಿ ಘೋಷಣೆಯಂತೂ ಅಧ್ಯಯನಕ್ಕೆ ಮುಂಚೆ, ನಡೆಯುವಾಗ, ಮುಗಿದ ಮೇಲೆ, ಮೂರೂ ಹೊತ್ತಿನಲ್ಲಿ ಜನರ ಜೊತೆ ಅರ್ಥವಿರುವ ಒಡನಾಟ ಬೇಕು ಎನ್ನುತ್ತದೆ. ಆದರೆ ಸೋಮವಾರ ಬೆಳಿಗ್ಗೆ ಯಾರ ಮನೆಗೆ ಹೋಗಬೇಕು, ಯಾವ ಲೆಕ್ಕಶೀರ್ಷಿಕೆಯಲ್ಲಿ ಬಸ್ ಚಾರ್ಜು ಹಾಕಬೇಕು ಎಂದು ಯಾವ ಘೋಷಣೆಯೂ ಹೇಳುವುದಿಲ್ಲ. ಈ ಬರಹ ಅದಕ್ಕಾಗಿ. ಉದಾಹರಣೆಗೆ ಮಂಗನ ಕಾಯಿಲೆಯನ್ನು, ಅಂದರೆ ಉಣುಗು (ಉಣ್ಣೆ) ಕಚ್ಚಿ ಹರಡುವ ಕ್ಯಾಸನೂರು ಕಾಡಿನ ಕಾಯಿಲೆಯನ್ನು, ಹಿಡಿದಿದ್ದೇವೆ. ಕ್ಷಯಕ್ಕೋ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗೋ ಇದನ್ನು ಒಗ್ಗಿಸಿಕೊಳ್ಳುವುದು ಕಷ್ಟವಲ್ಲ.

ಇಲ್ಲಿಯ ಹಿನ್ನೆಲೆ

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬಿದ್ದವು, ಜನ ಜ್ವರಕ್ಕೆ ಬಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರ ವೈರಾಣುವನ್ನು ಗುರುತಿಸಿತು. ಅಲ್ಲಿಂದ ಆರು ದಶಕಕ್ಕೂ ಮೀರಿ ಈ ಭಾಗದ ಜನ ರಕ್ತ ಕೊಡುತ್ತಲೇ ಇದ್ದಾರೆ. ಕಾಯಿಲೆ ಮಾತ್ರ 2012ರ ಹೊತ್ತಿಗೆ ಬಂಡೀಪುರದ ಕಡೆಗೂ, ಆಮೇಲೆ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಹೋಯಿತು. 2018–19ರಲ್ಲಿ ಸಾಗರ ತಾಲೂಕಿನ ಅರಲಗೋಡು ಸುತ್ತ ಸಾವುಗಳಾದವು, ರೋಗಿಗಳನ್ನು ಘಟ್ಟ ಇಳಿಸಿ ಮಣಿಪಾಲಕ್ಕೆ ಒಯ್ಯಬೇಕಾಯಿತು. ಇಂಥ ಊರಿಗೆ ಹೋಗಿ ‘ಸಂಶೋಧನೆ ಅಂದರೆ ಏನು ಗೊತ್ತೇ’ ಎಂದು ಶುರು ಮಾಡಿದರೆ, ಹಿಂದಿನ ಗೋಡೆಗೊರಗಿ ಕೂತ ಯಾರಾದರೂ ‘ಹೋದ ಸಲದ ರಕ್ತದ ಕಥೆ ಏನಾಯ್ತು’ ಎಂದು ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ ಹುಡುಕಿಕೊಂಡೇ ಹೋಗಿ. ಆ ಪ್ರದೇಶದಲ್ಲಿ ಹಿಂದೆ ಯಾವ ಅಧ್ಯಯನ ನಡೆದಿದೆ, ಏನು ತಿಳಿಯಿತು ಎಂಬುದನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ. ನಿಮ್ಮ ಮೊದಲ ದಾಖಲೆ ಅದೇ ಆಗಿರಲಿ.

ಇನ್ನೊಂದು ಮಾತು. ಶರಾವತಿ ಕಣಿವೆಯಲ್ಲಿ ‘ಸರ್ವೆ’ ಎಂಬ ಪದವನ್ನು ಬಳಸಬೇಡಿ. ಲಿಂಗನಮಕ್ಕಿ ಅಣೆಕಟ್ಟಿಗೆ ಮನೆಮಾರು ಬಿಟ್ಟು ಬಂದವರ ಮಕ್ಕಳು ಮೊಮ್ಮಕ್ಕಳು ಇಲ್ಲಿದ್ದಾರೆ. ಎಷ್ಟೋ ಮನೆಗಳಿಗೆ ಇನ್ನೂ ಹಕ್ಕುಪತ್ರದ ತಕರಾರಿದೆ. ಸರ್ವೆ ಎಂದರೆ ಅವರಿಗೆ ಜಾಗ ಅಳೆಯುವವರು ಬಂದರು ಎಂದೇ ಅರ್ಥ.

ಪ್ರಶ್ನೆ ಗಟ್ಟಿಯಾಗುವ ಮುಂಚೆ ಹೋಗಿ

ಪ್ರೋಟೋಕಾಲ್ (ಅಧ್ಯಯನದ ಲಿಖಿತ ಯೋಜನೆ) ಮುಗಿಸಿ, ಸಂಶೋಧನೆ ನ್ಯಾಯವಾಗಿದೆಯೇ ಎಂದು ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆದು, ಆಮೇಲೆ ಊರಿನ ಸಭೆ ಕರೆಯುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಆಗ ಜನ ಏನು ಹೇಳಿದರೂ ತಿದ್ದುಪಡಿ ಅರ್ಜಿ, ಮರುಪರಿಶೀಲನೆ, ಎರಡು ತಿಂಗಳ ತಡ. ಆದ್ದರಿಂದ ಸಂಶೋಧಕರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಕಮಿಟಿಗೆ ಅರ್ಜಿ ಹಾಕುವುದಕ್ಕೆ ಕನಿಷ್ಠ ನಾಲ್ಕು ತಿಂಗಳು ಮೊದಲು ಊರಿಗೆ ಹೋಗಬೇಕು. ಈ ನಾಲ್ಕು ತಿಂಗಳಲ್ಲಿ ಯಾರಿಂದಲೂ ಮಾಹಿತಿ ಸಂಗ್ರಹಿಸುವಂತಿಲ್ಲ, ರಕ್ತದ ಮಾತೇ ಇಲ್ಲ. ಸಲಹೆ ಕೇಳಲು ಮಾತ್ರ ಹೋಗುತ್ತೀರಿ.

ಹೋಗುವ ಮುಂಚೆ ತಂಡದೊಳಗೇ ಕೂತು ಎರಡು ಪಟ್ಟಿ ಮಾಡಿ. ಯಾವುದು ಬದಲಾಗಲಾರದು? ಗಂಭೀರ ತೊಂದರೆಯಾದರೆ ವರದಿ ಮಾಡುವ ನಿಯಮ, ಸುರಕ್ಷತೆಗಾಗಿ ಯಾರನ್ನು ಸೇರಿಸಬಾರದು ಎಂಬ ಷರತ್ತು, ಪರೀಕ್ಷೆಗೆ ಬೇಕೇ ಬೇಕಾದ ರಕ್ತದ ಪ್ರಮಾಣ. ಯಾವುದು ಬದಲಾಗಬಹುದು? ಭೇಟಿಯ ದಿನ, ಜಾಗ, ರಕ್ತ ತೆಗೆಯುವವರು ಯಾರು, ಕೂಲಿ ಪರಿಹಾರ, ಒಪ್ಪಿಗೆ ಪತ್ರದ ಭಾಷೆ, ವರದಿ ತಲುಪಿಸುವ ಬಗೆ, ಯಾವುದನ್ನು ಫಲಿತಾಂಶವೆಂದು ಅಳೆಯುತ್ತೀರಿ ಎಂಬುದು. ಧೈರ್ಯವಿದ್ದರೆ ಮೂಲ ಪ್ರಶ್ನೆಯೂ ಈ ಎರಡನೆಯ ಪಟ್ಟಿಗೆ ಸೇರಲಿ. ಸಭೆಯಲ್ಲಿ ಎರಡೂ ಪಟ್ಟಿಯನ್ನು ಓದಿ ಹೇಳಿ. ಬದಲಾಗದ್ದನ್ನು ಬದಲಾಗಬಹುದು ಎಂಬಂತೆ ಕೇಳಿ ಆಸೆ ಹುಟ್ಟಿಸಿದರೆ ಮುಂದಿನ ಸಭೆಗೆ ಕುರ್ಚಿಗಳು ಮಾತ್ರ ಇರುತ್ತವೆ.

ಕೇಳಿದರೆ ಏನು ಬದಲಾಗುತ್ತದೆ ಎನ್ನುವವರು ಮಂಗನ ಕಾಯಿಲೆಯ ಹಳೆಯ ಲಸಿಕೆಯ ಲೆಕ್ಕ ನೋಡಿ. ಒಂದು ತಿಂಗಳ ಅಂತರದಲ್ಲಿ ಎರಡು ಡೋಸು, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷಕ್ಕೊಂದರಂತೆ ಐದು ವರ್ಷ. 2005ರಿಂದ 2010ರವರೆಗಿನ ಮಾಹಿತಿಯ ಮೇಲೆ ನಡೆದ ಅಧ್ಯಯನದಲ್ಲಿ ಎರಡು ಡೋಸಿನಿಂದ ಸುಮಾರು ಶೇ 62, ಬೂಸ್ಟರ್ ಸೇರಿದರೆ ಸುಮಾರು ಶೇ 83 ರಕ್ಷಣೆ ಕಂಡುಬಂತು. ಅಂದರೆ ಬೂಸ್ಟರ್‌ಗೆ ಬರುವುದೇ ಮುಖ್ಯ. ಈಗ ಈ ವೇಳಾಪಟ್ಟಿಯನ್ನು ತೋಟದ ಕ್ಯಾಲೆಂಡರಿನ ಪಕ್ಕ ಇಡಿ. ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇ. ಅದಕ್ಕೆ ಮುಂಚೆ ರಕ್ಷಣೆ ಬರಬೇಕೆಂದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಎರಡು ಡೋಸು ಕೊಟ್ಟರೆ ಬೂಸ್ಟರ್ ಬೀಳುವುದು ಏಪ್ರಿಲ್‌ನಿಂದ ಜುಲೈ ನಡುವೆ. ಏಪ್ರಿಲ್, ಮೇ ಮದುವೆ ಮುಂಜಿಯ ಕಾಲ. ಜೂನ್, ಜುಲೈ ಜಡಿಮಳೆ ಮತ್ತು ನಾಟಿಯ ಕಾಲ, ಹಳ್ಳ ತುಂಬಿದರೆ ದಾಟುವ ಸಂಕವೂ ಇರುವುದಿಲ್ಲ. ಚುಚ್ಚಿದ ಜಾಗದಲ್ಲಿ ನೋವು ಬೇರೆ. ಅಡಿಕೆ ಕೊಯ್ಯುವ ದೋಟಿ ಹಿಡಿಯುವ ಕೈಗೆ ನೋವು ಎಂದರೆ ಕೂಲಿ ಖೋತಾ. ಆ ಲಸಿಕೆ ಬಳಕೆಯಿಂದ ಹಿಂದೆ ಸರಿದಿದೆ, ಹೊಸದರ ಕೆಲಸ ನಡೆದಿದೆ. ಹೊಸದರ ಪ್ರಯೋಗಕ್ಕೆ ಯಾರೇ ವೇಳಾಪಟ್ಟಿ ಬರೆಯಲಿ, ಈ ಕ್ಯಾಲೆಂಡರನ್ನು ಊರಿನವರ ಕೈಯಲ್ಲೇ ಬರೆಸಬೇಕು. ಹನ್ನೆರಡು ತಿಂಗಳಿನ ಚೌಕ ಬರೆದ ಒಂದು ಚಾರ್ಟ್, ಕೊಯ್ಲು, ನಾಟಿ, ಸೊಪ್ಪು ತರುವುದು, ಜಾತ್ರೆ, ಪರೀಕ್ಷೆಗಳಿಗೆ ಬೇರೆ ಬೇರೆ ಬಣ್ಣದ ಬಿಂದಿ. ಅರ್ಧ ಗಂಟೆಯ ಕೆಲಸ.

ಅಳೆಯುವುದರ ಬಗ್ಗೆಯೂ ಹೀಗೆಯೇ. ಸಂಶೋಧಕರ ಪಟ್ಟಿಯಲ್ಲಿ ಪಿಸಿಆರ್ ಪಾಸಿಟಿವ್, ಆಸ್ಪತ್ರೆ ಸೇರ್ಪಡೆ, ಸಾವು ಇರುತ್ತವೆ. ಕಾಯಿಲೆಯಿಂದ ಎದ್ದವರನ್ನು ಕೇಳಿದರೆ ಜ್ವರ ಬಿಟ್ಟ ಮೇಲಿನ ನಿಶ್ಶಕ್ತಿಯ ಮಾತು ಬರುತ್ತದೆ: ಎಷ್ಟು ದಿನಕ್ಕೆ ತೋಟಕ್ಕೆ ಇಳಿದರು, ಆ ದಿನಗಳ ಸಾಲ ಎಷ್ಟು. ‘ಕೆಲಸಕ್ಕೆ ಮರಳಿದ ದಿನ’ ಎಂಬ ಒಂದು ಕಾಲಂ ಸೇರಿಸುವುದಕ್ಕೆ ಖರ್ಚಿಲ್ಲ. ಕೇಳದಿದ್ದರೆ ಹೊಳೆಯುವುದೂ ಇಲ್ಲ.

ಯಾರನ್ನು ಕೂರಿಸಿಕೊಳ್ಳಬೇಕು

ಸಲಹಾ ಸಮಿತಿಗೆ ಹನ್ನೆರಡರಿಂದ ಹದಿನಾಲ್ಕು ಜನ ಸಾಕು. ಇಪ್ಪತ್ತು ಮೀರಿದರೆ ಅದು ಭಾಷಣದ ಸಭೆಯಾಗುತ್ತದೆ, ಎಂಟಕ್ಕಿಂತ ಕಡಿಮೆಯಾದರೆ ಇಬ್ಬರು ಬಾರದ ದಿನ ಸಭೆಯೇ ಇಲ್ಲ. ಇವರಲ್ಲಿ ಕಾಯಿಲೆ ಬಂದು ಹೋದವರು ಮೂರ್ನಾಲ್ಕು ಮಂದಿ, ಮನೆಯಲ್ಲಿ ಸಾವು ಕಂಡವರು ಒಬ್ಬಿಬ್ಬರು, ಸೊಪ್ಪು, ದರಗು (ಒಣಗಿ ಉದುರಿದ ಎಲೆ), ಕಟ್ಟಿಗೆಗೆಂದು ಸೊಪ್ಪಿನಬೆಟ್ಟಕ್ಕೆ ಹೋಗುವ ಹೆಂಗಸರು ಮೂವರು, ದನ ಮೇಯಿಸುವವರು, ಅಡಿಕೆ ಕೊನೆ ಕೊಯ್ಯುವವರು, ಒಬ್ಬ ಸಣ್ಣ ಬೆಳೆಗಾರ ಇರಲಿ. ಅರ್ಧಕ್ಕಿಂತ ಹೆಚ್ಚು ಹೆಂಗಸರಿರಬೇಕು. ಉಣುಗು ಎಲ್ಲಿ ಎಷ್ಟಿದೆ, ಯಾವ ತಿಂಗಳಲ್ಲಿ ಕಾಲಿಗೆ ಹತ್ತುತ್ತದೆ ಎಂದು ಕರಾರುವಾಕ್ಕಾಗಿ ಹೇಳಬಲ್ಲವರು ದರಗು ಗುಡಿಸುವ ಹೆಂಗಸರು.

ಪಂಚಾಯಿತಿ ಅಧ್ಯಕ್ಷರಿಂದ ಪಟ್ಟಿ ಕೇಳಬೇಡಿ. ಕೇಳಿದರೆ ಕೊಡುತ್ತಾರೆ, ಅದರಲ್ಲಿ ಅಧ್ಯಕ್ಷರ ಕಡೆಯವರೇ ಇರುತ್ತಾರೆ. ಅಧ್ಯಕ್ಷರು, ಪಿಡಿಒ, ದೇವಸ್ಥಾನದ ಮೊಕ್ತೇಸರರು, ದೊಡ್ಡ ತೋಟದವರು ಇವರನ್ನೆಲ್ಲ ಮೊದಲ ವಾರದಲ್ಲೇ ಅವರವರ ಮನೆಗೆ ಹೋಗಿ ಕಂಡು ವಿಷಯ ತಿಳಿಸಿ. ಇಲ್ಲದಿದ್ದರೆ ‘ನಮ್ಮನ್ನು ಕೇಳದೆ ಊರಿಗೆ ಬಂದರು’ ಎಂಬ ಮಾತು ಬರುತ್ತದೆ. ಆದರೆ ಊರಿನ ಪರವಾಗಿ ಅವರನ್ನು ಕೂರಿಸಬೇಡಿ. ಹೆಸರುಗಳನ್ನು ಮೂರು ದಾರಿಯಲ್ಲಿ ಹುಡುಕಿ: ಸ್ತ್ರೀಶಕ್ತಿ ಸಂಘ ಅಥವಾ ಸ್ವಸಹಾಯ ಸಂಘದ ವಾರದ ಸಭೆ, ಹಾಲಿನ ಡೇರಿಯ ಬೆಳಗಿನ ಸಾಲು, ಕೇರಿಯಿಂದ ಕೇರಿಗೆ ನಡಿಗೆ. ಎರಡು ದಾರಿಯಲ್ಲಿ ಒಂದೇ ಹೆಸರು ಬಂದರೆ ಅವರ ಮಾತಿಗೆ ಬೆಲೆ ಇದೆ ಎಂದರ್ಥ. ಒಂದು ದಾರಿಯಲ್ಲೂ ಹೆಸರು ಬರದ ಕೇರಿ ಇದ್ದರೆ ಅಲ್ಲಿಗೆ ಮೊದಲು ಹೋಗಿ.

ಕಾಯಿಲೆ ಬಂದವರ ಪಟ್ಟಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇರುತ್ತದೆ. ಅದನ್ನು ಕೈಗೆ ತೆಗೆದುಕೊಳ್ಳಬೇಡಿ. ಕೇಂದ್ರದ ಸಿಬ್ಬಂದಿಯೇ ಆಯಾ ಮನೆಯವರನ್ನು ‘ಇಂಥವರು ಮಾತಾಡಬೇಕಂತೆ, ನಿಮ್ಮ ಹೆಸರು ಕೊಡಲೇ’ ಎಂದು ಕೇಳಿ, ಹೂಂ ಎಂದವರ ಹೆಸರನ್ನು ಮಾತ್ರ ಕೊಡಬೇಕು.

ಆಶಾ ಕಾರ್ಯಕರ್ತೆಯರ ವಿಷಯ ಸ್ವಲ್ಪ ಸೂಕ್ಷ್ಮ. ಅವರಿಗೆ ಪ್ರತಿ ಮನೆಯೂ ಗೊತ್ತು, ಅವರಿಲ್ಲದೆ ಕೆಲಸ ಸಾಗದು. ಆದರೆ ಅವರು ಇಲಾಖೆಯ ಮುಖವೂ ಹೌದು. ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಹಂಚುವ ‘ಎಣ್ಣೆ ಬಾಟಲಿ ನಮ್ಮ ಕೇರಿಗೆ ಬರಲೇ ಇಲ್ಲ’ ಎಂದು ಅವರ ಎದುರು ಯಾರೂ ಹೇಳಲಾರರು, ಹೇಳಿದರೆ ನೋವು ಅವರಿಗೆ. ಆಶಾ ಮತ್ತು ಅಂಗನವಾಡಿಯವರಿಗೆ ಬೇರೆಯೇ ಸಭೆ ಇಡಿ. ಮತ್ತೆ ನಿಮ್ಮ ಅಧ್ಯಯನದ ಕೆಲಸವನ್ನು ಅವರ ಮೇಲೆ ಬಿಟ್ಟಿಯಾಗಿ ಹೊರಿಸಬೇಡಿ.

ಅರಣ್ಯ ಇಲಾಖೆಯವರನ್ನು ಊರಿನವರ ಸಭೆಗೆ ಯಾವ ಕಾರಣಕ್ಕೂ ಕರೆಯಬೇಡಿ. ಈ ಕಾಯಿಲೆಯ ಮುಖ್ಯ ಪ್ರಶ್ನೆಯೇ ಯಾರು, ಯಾವಾಗ, ಕಾಡಿನ ಯಾವ ಕಡೆ ಹೋಗುತ್ತಾರೆ ಎಂಬುದು. ಗಾರ್ಡ್ ಬಾಗಿಲಲ್ಲಿ ನಿಂತಿದ್ದರೆ ಎಲ್ಲರೂ ಕಾಡಿಗೆ ಹೋಗುವುದನ್ನೇ ಬಿಟ್ಟವರಾಗುತ್ತಾರೆ. ಹೇಳಿದ ಮಾತು ಕೇಸಾಗಿ ತಿರುಗುತ್ತದೆ ಎಂಬ ಭಯಕ್ಕೆ ಕಾರಣವಿದೆ. ಆದ್ದರಿಂದ ಕಾಡಿಗೆ ಹೋದ ದಾರಿಯನ್ನು ಜಿಪಿಎಸ್‌ನಲ್ಲಿ ಗುರುತು ಮಾಡಬೇಕಾದರೆ, ಅದನ್ನು ಯಾವ ಇಲಾಖೆಗೂ ಮನೆ ಹೆಸರಿನ ಜೊತೆ ಕೊಡುವುದಿಲ್ಲ ಎಂಬುದು ಪ್ರೋಟೋಕಾಲ್‌ನಲ್ಲೇ ಬರೆದಿರಬೇಕು, ಆ ಸಾಲನ್ನು ಸಭೆಯಲ್ಲಿ ಓದಿ ತೋರಿಸಬೇಕು. ಅರಣ್ಯ, ಪಶುವೈದ್ಯ, ಆರೋಗ್ಯ ಇಲಾಖೆಗಳ ಅನುಭವ ಖಂಡಿತ ಬೇಕು. ಪಶ್ಚಿಮಘಟ್ಟದಲ್ಲಿ ಮಂಗನ ಕಾಯಿಲೆಯ ಅಪಾಯದ ನಕ್ಷೆ ಮಾಡಿದ ಯೋಜನೆಯೊಂದು ಈ ಇಲಾಖೆಗಳ ಕೆಳಹಂತದ ಸಿಬ್ಬಂದಿಯನ್ನೂ ಕೂರಿಸಿಕೊಂಡೇ ನಕ್ಷೆ ತಯಾರಿಸಿತು. ಆ ಕೂಟ ಬೇರೆ, ಈ ಕೂಟ ಬೇರೆ.

ಎಥಿಕ್ಸ್ ಕಮಿಟಿಯಲ್ಲಿ ಜನಸಾಮಾನ್ಯರ ಪ್ರತಿನಿಧಿ ಒಬ್ಬರು ಇರುತ್ತಾರಲ್ಲ ಎಂದು ಕೆಲವರು ಕೇಳುತ್ತಾರೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಕಮಿಟಿಯಲ್ಲಿ ಕನಿಷ್ಠ ಏಳು ಸದಸ್ಯರು, ಅದರಲ್ಲಿ ಒಬ್ಬರು ಸಾಮಾನ್ಯ ನಾಗರಿಕರು ಇರಲೇಬೇಕು, ನಿಜ. ಅವರು ಹೆಚ್ಚಾಗಿ ಊರಿನ ನಿವೃತ್ತ ಮೇಷ್ಟರೋ ಬ್ಯಾಂಕ್ ನೌಕರರೋ ಆಗಿರುತ್ತಾರೆ. ದರಗು ಗುಡಿಸಿದವರಲ್ಲ.

ಎಲ್ಲಿ, ಯಾವಾಗ, ಹೇಗೆ ಕೂರಬೇಕು

ದೊಡ್ಡ ಮನೆಯ ಜಗಲಿಯಲ್ಲಿ ಸಭೆ ಇಟ್ಟರೆ ಕಾಫಿ ಚೆನ್ನಾಗಿರುತ್ತದೆ. ಕೂಲಿಯವರು ಅಂಗಳದಲ್ಲೇ ನಿಲ್ಲುತ್ತಾರೆ. ಅಂಗನವಾಡಿ, ಶಾಲೆ, ಸಮುದಾಯ ಭವನ ವಾಸಿ. ಎಲ್ಲ ಕೇರಿಯವರೂ ಹಿಂಜರಿಕೆಯಿಲ್ಲದೆ ಬರುವ ಜಾಗ ಯಾವುದೆಂದು ಎರಡು ಕೇರಿಯಲ್ಲಿ ಕೇಳಿ ತೀರ್ಮಾನಿಸಿ. ಎಲ್ಲರಿಗೂ ಚಾಪೆ, ಇಲ್ಲವೇ ಎಲ್ಲರಿಗೂ ಕುರ್ಚಿ. ಡಾಕ್ಟರಿಗೆ ಕುರ್ಚಿ, ಮಿಕ್ಕವರಿಗೆ ಚಾಪೆ ಎಂದಾದರೆ ಸಭೆ ಅಲ್ಲಿಗೇ ಮುಗಿಯಿತು.

ಸಂತೆಯ ದಿನ ಕೂಲಿಗೆ ಹೋಗದ ಊರುಗಳಲ್ಲಿ ಸಂತೆಗೆ ಮುಂಚಿನ ಹೊತ್ತು ಒಳ್ಳೆಯದು. ಹೆಂಗಸರಿಗೆ ಹಾಲು ಕರೆಯುವ ಎರಡು ಹೊತ್ತಿನ ನಡುವೆ, ಅಂದರೆ ಸುಮಾರು ಹನ್ನೊಂದರಿಂದ ಮೂರರ ಒಳಗೆ, ಹೆಂಗಸರೇ ನಡೆಸುವ ಪ್ರತ್ಯೇಕ ಸಭೆ ಬೇಕು. ಒಂದೂವರೆ ಗಂಟೆ ಮೀರಬೇಡಿ. ಕೊನೆಯ ಬಸ್ಸಿನ ಹೊತ್ತನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ.

ಮೊದಲ ಸಭೆಗೆ ಪ್ರೊಜೆಕ್ಟರ್ ಒಯ್ಯಬೇಡಿ. ಒಯ್ಯಬೇಕಾದದ್ದು: ರಕ್ತ ತೆಗೆಯುವ ಖಾಲಿ ಟ್ಯೂಬು, ಒಂದು ಟೀ ಚಮಚ, ಚಾರ್ಟ್ ಹಾಳೆ, ಒಂದು ಚೀಲ ಹುಣಸೆಬೀಜ. ರಕ್ತದ ಬಗ್ಗೆ ‘ಬಾಟಲಿಗಟ್ಟಲೆ ತೆಗೀತಾರೆ’ ಎಂಬ ಮಾತು ಎಲ್ಲ ಕಡೆ ಇರುತ್ತದೆ. ಟ್ಯೂಬಿಗೆ ಗೆರೆಯವರೆಗೆ ನೀರು ತುಂಬಿಸಿ ಚಮಚಕ್ಕೆ ಸುರಿದು ತೋರಿಸಿ. 5 ಎಂಎಲ್ ಎಂದರೆ ಒಂದು ಟೀ ಚಮಚ. ಎಷ್ಟು ಸಲ, ಯಾಕೆ ಪ್ರತಿ ಸಲ, ಟ್ಯೂಬು ಶಿವಮೊಗ್ಗಕ್ಕೋ ಪುಣೆಗೋ, ಉಳಿದದ್ದನ್ನು ಏನು ಮಾಡುತ್ತೀರಿ ಎಂಬುದನ್ನೂ ಆಗಲೇ ಹೇಳಿಬಿಡಿ. ‘ಉಳಿದದ್ದನ್ನು ಮುಂದಿನ ಸಂಶೋಧನೆಗೆ ಇಟ್ಟುಕೊಳ್ಳುತ್ತೇವೆ’ ಎಂಬುದು ಒಪ್ಪಿಗೆ ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇದ್ದು, ಆಮೇಲೆ ಹೊರಬಂದರೆ ಊರು ಮತ್ತೆ ಬಾಗಿಲು ತೆರೆಯುವುದಿಲ್ಲ.

ಹುಣಸೆಬೀಜ ಆದ್ಯತೆ ಗುರುತಿಸಲು. ಜನ ಹೇಳಿದ ಪ್ರಶ್ನೆಗಳಲ್ಲಿ ಐದಾರನ್ನು ಬೇರೆ ಬೇರೆ ಹಾಳೆಯಲ್ಲಿ ಚಿತ್ರ ಸಮೇತ ಬರೆದು ನೆಲದ ಮೇಲೆ ಹರವಿ, ತಲೆಗೆ ಹತ್ತು ಬೀಜ ಕೊಡಿ. ತಮಗೆ ಮುಖ್ಯವೆನಿಸಿದ್ದಕ್ಕೆ ಎಷ್ಟು ಬೇಕಾದರೂ ಇಡಲಿ. ಮೊದಲು ಇಡುವವರು ಗೌಡರೋ ಹೆಗಡೆಯವರೋ ಆಗದಂತೆ ನೋಡಿಕೊಳ್ಳಿ. ಹಿಂದಿನಿಂದ ಇಡುವವರು ಅದನ್ನೇ ನೋಡಿ ಇಡುತ್ತಾರೆ. ಹಾಳೆಯ ಮೇಲೆ ಮೊರ ಮುಚ್ಚಿ, ಒಬ್ಬೊಬ್ಬರೇ ಹೋಗಿ ಇಟ್ಟು ಬಂದರೆ ಇನ್ನೂ ಒಳ್ಳೆಯದು. ತೀರಾ ಮುಜುಗರದ ಸಂಗತಿಗಳಿಗೆ ಕರ್ನಾಟಕದ ಎಚ್‌ಐವಿ ಕೆಲಸದಲ್ಲಿ ಪಳಗಿದ ‘ಪೋಲಿಂಗ್ ಬೂತ್’ ವಿಧಾನವಿದೆ. ಹತ್ತು ಹನ್ನೆರಡು ಜನ ಮರೆಕಟ್ಟಿದ ಡಬ್ಬಿಗಳ ಎದುರು ಕೂರುತ್ತಾರೆ. ಪ್ರಶ್ನೆ ಕೇಳಿದಂತೆ ನಂಬರ್ ಹಾಕಿದ ಚೀಟಿಯನ್ನು ಹೌದು, ಅಲ್ಲ, ಅನ್ವಯಿಸದು ಎಂಬ ಬಣ್ಣಬಣ್ಣದ ಡಬ್ಬಿಗೆ ಹಾಕುತ್ತಾರೆ. ಯಾರು ಏನು ಹೇಳಿದರೆಂದು ಯಾರಿಗೂ ತಿಳಿಯದು, ಗುಂಪಿನ ಉತ್ತರ ಸಿಗುತ್ತದೆ. ಹಚ್ಚಿಕೊಳ್ಳಲು ಕೊಟ್ಟ ಡೇಪಾ ಎಣ್ಣೆಯನ್ನು ನಿಜಕ್ಕೂ ಹಚ್ಚಿಕೊಂಡಿರೋ, ಬಾಟಲಿ ಅಟ್ಟದ ಮೇಲಿದೆಯೋ ಎಂದು ತಿಳಿಯಲು ಇದು ಮನೆಮನೆಯ ಪ್ರಶ್ನಾವಳಿಗಿಂತ ಎಷ್ಟೋ ಮೇಲು.

ದುಡ್ಡು

ಸಲಹೆಗಾರರಿಗೆ ಕೊಡುವ ಗೌರವಧನ ಬೇರೆ, ಅಧ್ಯಯನದಲ್ಲಿ ಭಾಗಿಯಾದವರಿಗೆ ಕೊಡುವ ಪರಿಹಾರ ಬೇರೆ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದರೆ ಎಥಿಕ್ಸ್ ಕಮಿಟಿ ‘ಆಮಿಷ’ ಎಂದು ಕೆಂಪು ಗುರುತು ಹಾಕುತ್ತದೆ. ಸಲಹೆಗಾರರದ್ದನ್ನು ಬಜೆಟ್ಟಿನಲ್ಲಿ ಪ್ರತ್ಯೇಕ ಶೀರ್ಷಿಕೆಯಾಗಿ ತೋರಿಸಿ: ಒಂದು ದಿನದ ಕೂಲಿ, ಬಸ್ಸು ಅಥವಾ ಆಟೋ ಖರ್ಚು, ಜೊತೆಗೆ ಬರುವವರ ಖರ್ಚು, ಊಟ, ಮಗು ನೋಡಿಕೊಳ್ಳುವವರ ಕೂಲಿ. ಕೂಲಿಯ ಲೆಕ್ಕವನ್ನು ಸರ್ಕಾರಿ ದರದಲ್ಲಿ ಹಾಕಬೇಡಿ. ಆ ತಿಂಗಳು ಆ ಊರಿನಲ್ಲಿ ಅಡಿಕೆ ಕೆಲಸಕ್ಕೆ ಏನು ನಡೆಯುತ್ತಿದೆಯೋ ಅದು. ಮೊದಲ ವರ್ಷಕ್ಕೆ ಆರು ಸಭೆ, ಆಮೇಲೆ ವರ್ಷಕ್ಕೆ ನಾಲ್ಕು ಎಂದು ಹಿಡಿಯಿರಿ.

ಹಣ ಅದೇ ದಿನ ಕೈಗೆ ಸಿಗಬೇಕು. ಸಂಸ್ಥೆಯ ಅಕೌಂಟ್ಸ್ ವಿಭಾಗ ಪ್ಯಾನ್ ಕಾರ್ಡ್, ಪಾಸ್‌ಬುಕ್ ಜೆರಾಕ್ಸ್, ಬಿಲ್ಲು ಕೇಳಿ ಮೂರು ತಿಂಗಳಿಗೆ ಪಾಸು ಮಾಡಿದರೆ ಎರಡನೆಯ ಸಭೆಗೆ ಯಾರೂ ಬರುವುದಿಲ್ಲ. ಅನುದಾನ ಮಂಜೂರಾಗುವ ಮುಂಚೆಯೇ ಅಕೌಂಟ್ಸ್‌ನವರ ಹತ್ತಿರ ಕೂತು, ಸಣ್ಣ ಮೊತ್ತವನ್ನು ಸಹಿ ಅಥವಾ ಹೆಬ್ಬೆಟ್ಟಿನ ವೋಚರಿನ ಮೇಲೆ ಮುಂಗಡದಿಂದ ಕೊಡಬಹುದು ಎಂದು ಬರಹದಲ್ಲಿ ಪಡೆಯಿರಿ. ಇಡೀ ಕೈಪಿಡಿಯಲ್ಲಿ ಬೇಸರ ತರುವ ಕೆಲಸ ಇದೇ, ತಪ್ಪಿದರೆ ಎಲ್ಲಕ್ಕಿಂತ ಬೇಗ ಮುಳುಗಿಸುವುದೂ ಇದೇ.

ಒಪ್ಪಿಗೆ ಪತ್ರದ ಕನ್ನಡ

ಇಂಗ್ಲಿಷಿನಲ್ಲಿ ಬರೆದು, ಅನುವಾದ ಮಾಡಿಸಿ, ಮರುಅನುವಾದ ಮಾಡಿಸಿ ಸರ್ಟಿಫಿಕೇಟ್ ಪಡೆಯುವುದು ರೂಢಿ. ಮರುಅನುವಾದ ಸರಿಹೊಂದಬೇಕೆಂಬ ಹಟದಲ್ಲಿ ಕನ್ನಡ ಕಲ್ಲಾಗುತ್ತದೆ: ‘ಯಾದೃಚ್ಛಿಕ ಹಂಚಿಕೆಗೆ ಒಳಪಡುವಿರಿ’. ಕ್ರಮವನ್ನು ಉಲ್ಟಾ ಮಾಡಿ. ಮೊದಲು ಸಲಹಾ ಸಮಿತಿಯ ಇಬ್ಬರಿಗೆ ವಿಷಯ ಹೇಳಿ, ಅವರು ಪಕ್ಕದ ಮನೆಯವರಿಗೆ ಅದನ್ನು ಹೇಳುವಾಗ ಅವರ ಅನುಮತಿ ಪಡೆದು ರೆಕಾರ್ಡ್ ಮಾಡಿಕೊಳ್ಳಿ. ಆ ಮಾತಿನಿಂದ ಕನ್ನಡ ಪತ್ರ ಬರೆಯಿರಿ, ಆಮೇಲೆ ಇಂಗ್ಲಿಷಿಗೆ ತಿರುಗಿಸಿ ತಾಳೆ ನೋಡಿ. ಯಾದೃಚ್ಛಿಕ ಹಂಚಿಕೆ ಆಗ ‘ಚೀಟಿ ಎತ್ತಿದ ಹಾಗೆ, ಯಾರಿಗೆ ಯಾವ ಸೂಜಿ ಎಂಬುದು ಡಾಕ್ಟರ ಕೈಯಲ್ಲೂ ಇಲ್ಲ’ ಎಂದಾಗುತ್ತದೆ. ಪ್ಲಸೀಬೊ ‘ನೋಡಲು ಹಾಗೇ ಇರುವ, ಒಳಗೆ ಔಷಧ ಇಲ್ಲದ ಸೂಜಿ’.

ಒಂದು ಪದವನ್ನು ಮಾತ್ರ ಸಿಹಿ ಮಾಡಬೇಡಿ. ‘ಪ್ರಯೋಗ’ ಎಂದರೆ ಜನ ಹೆದರುತ್ತಾರೆಂದು ‘ಕ್ಯಾಂಪ್’, ‘ಉಚಿತ ತಪಾಸಣೆ’, ‘ಸೇವೆ’ ಎನ್ನುವವರಿದ್ದಾರೆ. ಚಿಕಿತ್ಸೆ ಸಿಗುತ್ತದೆಂದು ನಂಬಿ ಬಂದವರಿಗೆ ನಿಜ ತಿಳಿದ ದಿನ ಒಳ್ಳೆಯ ಅಧ್ಯಯನವೂ ಮೋಸವಾಗಿ ಕಾಣುತ್ತದೆ. ‘ಇದು ಕೆಲಸ ಮಾಡುತ್ತದೋ ಇಲ್ಲವೋ ನಮಗೂ ಗೊತ್ತಿಲ್ಲ, ಅದನ್ನು ತಿಳಿಯಲೆಂದೇ ಮಾಡುತ್ತಿದ್ದೇವೆ’ ಎಂಬ ವಾಕ್ಯ ಮೊದಲ ಪುಟದಲ್ಲೇ ಇರಬೇಕು.

ಪತ್ರ ಸಿದ್ಧವಾದ ಮೇಲೆ ಸಮಿತಿಯ ಹೊರಗಿನ ಐವರಿಂದ ಗಟ್ಟಿಯಾಗಿ ಓದಿಸಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಗುರುತು ಹಾಕಿ. ಓದಲು ಬಾರದ ಐವರಿಗೆ ಓದಿ ಹೇಳಿ, ತಿರುಗಿ ಕೇಳಿ: ಬೇಡವೆಂದರೆ ಏನಾಗುತ್ತದೆ? ನಡುವೆ ಬಿಡಬಹುದೇ? ಯಾವ ಸೂಜಿ ಸಿಗುತ್ತದೆ? ರಕ್ತ ಎಲ್ಲಿಗೆ ಹೋಗುತ್ತದೆ? ತೊಂದರೆಯಾದರೆ ಯಾರಿಗೆ ಫೋನು? ಐವರಲ್ಲಿ ಮೂವರಿಗೆ ಯಾವ ಪ್ರಶ್ನೆಗೆ ಉತ್ತರ ಬರಲಿಲ್ಲವೋ ಆ ಪ್ಯಾರಾ ಮತ್ತೆ ಬರೆಯಿರಿ. ಹೆಬ್ಬೆಟ್ಟು ಒತ್ತುವವರ ಜೊತೆ ಅಧ್ಯಯನಕ್ಕೆ ಸಂಬಂಧಪಡದ ಸಾಕ್ಷಿ ಇರಬೇಕು. ನಿಮ್ಮ ಫೀಲ್ಡ್ ಸಿಬ್ಬಂದಿ ಆ ಸಾಕ್ಷಿಯಾಗುವಂತಿಲ್ಲ.

‘ಏನಾದರೂ ಆದರೆ ಯಾರು ಗತಿ’ ಎಂಬುದಕ್ಕೆ ಪತ್ರದಲ್ಲಿ ಬರೆದ ‘ಸೂಕ್ತ ಚಿಕಿತ್ಸೆ ಒದಗಿಸಲಾಗುವುದು’ ಉತ್ತರವಲ್ಲ. ಯಾವ ನಂಬರಿಗೆ ಫೋನು, ಯಾವ ಗಾಡಿ, ಯಾವ ಆಸ್ಪತ್ರೆ, ಡೀಸೆಲ್ ದುಡ್ಡು ಯಾರದ್ದು, ರಾತ್ರಿ ಎರಡಕ್ಕೆ ನೆಟ್‌ವರ್ಕ್ ಇಲ್ಲದಿದ್ದರೆ ಯಾರ ಮನೆಯ ಬಾಗಿಲು ತಟ್ಟಬೇಕು. ಔಷಧ, ಲಸಿಕೆಯ ಪ್ರಯೋಗದಲ್ಲಿ ತೊಂದರೆಯಾದರೆ ಉಚಿತ ಚಿಕಿತ್ಸೆ 2019ರ ನಿಯಮಗಳಲ್ಲೇ ಇರುವ ಹಕ್ಕು, ಗಂಭೀರ ಘಟನೆಯನ್ನು ಸಂಶೋಧಕರು 24 ಗಂಟೆಯೊಳಗೆ ವರದಿ ಮಾಡಬೇಕು. ಇದನ್ನೆಲ್ಲ ಒಂದು ಕಾರ್ಡಿನಲ್ಲಿ ಅಚ್ಚು ಹಾಕಿ ಗೋಡೆಗೆ ಅಂಟಿಸಲು ಕೊಡಿ.

ದೊಡ್ಡವರ ಸಹಿ ಸಾಲದು

2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಕೊಡುವ ಅಧ್ಯಯನ ಶುರುವಾಯಿತು. 2010ರ ಏಪ್ರಿಲ್‌ನಲ್ಲಿ ನಿಂತಿತು. ಹಾಸ್ಟೆಲ್‌ಗಳಲ್ಲಿದ್ದ ಬುಡಕಟ್ಟು ಮಕ್ಕಳ ಒಪ್ಪಿಗೆ ಪತ್ರಕ್ಕೆ ಎಷ್ಟೋ ಕಡೆ ವಾರ್ಡನ್‌ಗಳೇ ಸಹಿ ಹಾಕಿದ್ದು ವಿಚಾರಣೆಯಲ್ಲಿ ಹೊರಬಂತು. ಆ ಅವಧಿಯಲ್ಲಿ ಆದ ಸಾವುಗಳಿಗೆ ಲಸಿಕೆ ಕಾರಣವೆಂದು ವಿಚಾರಣೆ ಹೇಳಲಿಲ್ಲ. ಆದರೂ ಮುರಿದ ನಂಬಿಕೆ ಲಸಿಕೆಯನ್ನು ವರ್ಷಗಟ್ಟಲೆ ಹಿಂದಕ್ಕೆ ತಳ್ಳಿತು. ಐಸಿಎಂಆರ್ ಮಾರ್ಗಸೂಚಿ ಸ್ಪಷ್ಟ: ಊರಿನ ಹಿರಿಯರ, ಪಂಚಾಯಿತಿಯ, ಮುಖ್ಯೋಪಾಧ್ಯಾಯರ ಅನುಮತಿ ವ್ಯಕ್ತಿಯ ಒಪ್ಪಿಗೆಗೆ ಬದಲಿಯಾಗದು. ನಿಮ್ಮ ಸಲಹಾ ಸಮಿತಿಯ ಒಪ್ಪಿಗೆಯೂ ಅಷ್ಟೇ. ಮಕ್ಕಳಿದ್ದರೆ ತಂದೆತಾಯಿಯ ಒಪ್ಪಿಗೆಯ ಜೊತೆಗೆ ಏಳು ವರ್ಷ ದಾಟಿದ ಮಗುವಿನ ಹೂಂ ಕೂಡ ಬೇಕು.

ಸಮಿತಿ ‘ಬೇಡ’ ಎಂದರೆ? ಅದಕ್ಕೂ ದಾರಿ ಮೊದಲೇ ಬರೆದಿಟ್ಟಿರಬೇಕು. ಎಚ್‌ಐವಿ ತಡೆಯುವ ಟೆನೊಫೊವಿರ್ ಮಾತ್ರೆಯ ಪ್ರಯೋಗ 2004ರಲ್ಲಿ ಕಾಂಬೋಡಿಯಾದಲ್ಲಿ, 2005ರಲ್ಲಿ ಕ್ಯಾಮರೂನಿನಲ್ಲಿ ನಿಂತುಹೋಯಿತು. ಕಾಂಬೋಡಿಯಾದ ಲೈಂಗಿಕ ಕಾರ್ಯಕರ್ತೆಯರು ಮುಂದಿನ ದಿನಗಳ ಆರೋಗ್ಯಕ್ಕೆ ವಿಮೆ ಕೇಳಿದ್ದರು, ಆ ಮಾತಿಗೆ ಕೂತು ಉತ್ತರ ಕೊಡುವ ಏರ್ಪಾಡೇ ಇರಲಿಲ್ಲ. ಆ ಪೆಟ್ಟಿನ ಮೇಲೆಯೇ 2007ರಲ್ಲಿ ಜನರ ಪಾಲುಗಾರಿಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಬಂತು. ಅದೇ ಬಗೆಯ ಮಾತ್ರೆಯ ಅಧ್ಯಯನ ಮುಂದೆ ಮೈಸೂರಿನಲ್ಲಿ ಸುಸೂತ್ರವಾಗಿ ನಡೆಯಿತು. ಅಲ್ಲಿ ಲೈಂಗಿಕ ಕಾರ್ಯಕರ್ತೆಯರದ್ದೇ ಸಂಘಟನೆಯಾದ ಆಶೋದಯ ಸಮಿತಿ, ಬೇಕೋ ಬೇಡವೋ ಎಂಬ ಚರ್ಚೆಯನ್ನು ಮೊದಲು ತಮ್ಮವರ ನಡುವೆ ಮುಗಿಸಿಕೊಂಡು, ಆಮೇಲೆ ನಡೆಸುವುದರಲ್ಲೂ ಕೈಹಾಕಿತ್ತು.

ನಡೆಯುವಾಗ ಕೆಡುವುದು

ಸುದ್ದಿ. ‘ಲಸಿಕೆ ಹಾಕಿಸಿಕೊಂಡವರಿಗೆ ಮಕ್ಕಳಾಗುವುದಿಲ್ಲ’ ಎಂಬಂಥ ಮಾತು ಹುಟ್ಟುತ್ತದೆ. ಅದಕ್ಕೆ ನೋಟ್‌ಬುಕ್ಕಿನ ಹಿಂಭಾಗದಲ್ಲಿ ಬೇರೆ ಪುಟ ಇಡಿ. ಕೇಳಿದ 48 ಗಂಟೆಯೊಳಗೆ ಉತ್ತರ ಹೋಗಬೇಕು. ವಾಟ್ಸ್ಯಾಪಿನಲ್ಲಿ ಪಿಡಿಎಫ್ ಕಳಿಸಿದರೆ ಯಾರೂ ತೆರೆಯುವುದಿಲ್ಲ. ಊರಿನವರು ಗುರುತು ಹಿಡಿಯುವ ದನಿಯಲ್ಲಿ ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ. ಹಿನ್ನೀರಿನ ಆಚೆಯ ಊರುಗಳಿಗೆ ಅದೂ ಮುಟ್ಟದಿದ್ದರೆ ಅಲ್ಲಿಗೆ ಹೋಗಿಯೇ ಹೇಳಬೇಕು.

ಸತ್ತ ಮಂಗದ ವರದಿ. ಊರಿನವರು ಫೋನು ಮಾಡುತ್ತಾರೆ, ಸಿಬ್ಬಂದಿ ಬರುತ್ತಾರೆ, ಸುತ್ತಲಿನ 50 ಮೀಟರಿಗೆ ಮೆಲಾಥಿಯಾನ್ ಪುಡಿ ಎರಚುತ್ತಾರೆ, ಮಾದರಿ ಒಯ್ಯುತ್ತಾರೆ. ಫಲಿತಾಂಶ ಮಾತ್ರ ಫೋನು ಮಾಡಿದವರಿಗೆ ತಿಳಿಯುವುದಿಲ್ಲ. ಎರಡು ಸಲ ಹೀಗಾದರೆ ಮೂರನೆಯ ಮಂಗ ಕೊಳೆತು ನಾರಿದರೂ ಯಾರೂ ಹೇಳುವುದಿಲ್ಲ, ಉಣುಗು ಮಾತ್ರ ಅಲ್ಲಿಂದ ಇಳಿದು ಹರಡುತ್ತದೆ. ವರದಿ ಮಾಡಿದವರಿಗೆ, ನೆಗೆಟಿವ್ ಬಂದರೂ, ಇಂತಿಷ್ಟು ದಿನದೊಳಗೆ ಫೋನು ಮಾಡುವ ಹೊಣೆ ಒಬ್ಬರ ಹೆಸರಿನಲ್ಲಿ ಇರಲಿ.

ಸಮಿತಿಯವರೇ ತಂಡದವರಾಗಿಬಿಡುವುದು. ಒಂದು ವರ್ಷ ಕಳೆದರೆ ಸದಸ್ಯರ ಬಾಯಲ್ಲೂ ‘ಸ್ಯಾಂಪಲ್’, ‘ಫಾಲೋಅಪ್’ ಬರುತ್ತದೆ, ಬೇರೆಯವರನ್ನು ಸೇರಿಸಲು ಅವರೇ ಓಡಾಡುತ್ತಾರೆ. ಅದು ನಿಲ್ಲಬೇಕು. ಜನರನ್ನು ಸೇರಿಸುವುದು ಸಮಿತಿಯ ಕೆಲಸವಲ್ಲ ಎಂದು ಮೊದಲ ದಿನವೇ ಬರೆದುಕೊಡಿ, ವರ್ಷಕ್ಕೆ ಮೂರನೇ ಒಂದು ಭಾಗ ಸದಸ್ಯರನ್ನು ಬದಲಿಸಿ.

ಪೇಪರಿನಲ್ಲಿ ಮೊದಲು ಬರುವುದು. ಫಲಿತಾಂಶ ಬೆಂಗಳೂರಿನ ಗೋಷ್ಠಿಯಲ್ಲಿ ಹೊರಬಿದ್ದು, ಜಿಲ್ಲಾ ಆವೃತ್ತಿಯಲ್ಲಿ ಅಚ್ಚಾಗಿ, ಆಮೇಲೆ ಊರಿಗೆ ತಲುಪಿದರೆ ಅದಕ್ಕಿಂತ ಅವಮಾನ ಇನ್ನೊಂದಿಲ್ಲ. ವ್ಯಕ್ತಿಯ ಪರೀಕ್ಷಾ ವರದಿ ಅವರ ಕೈಗೆ ಮುಚ್ಚಿದ ಲಕೋಟೆಯಲ್ಲಿ, ಓದಿ ಹೇಳುವವರ ಜೊತೆ ಹೋಗಬೇಕು. ಇಡೀ ಅಧ್ಯಯನದ ಫಲಿತಾಂಶ ಪತ್ರಿಕೆಗೆ ಹೋಗುವ ಮುಂಚೆ ಊರಿನಲ್ಲಿ ಒಂದು ಸಭೆ, ಎರಡು ಪುಟದ ಕನ್ನಡ ಬರಹ. ‘ಲಸಿಕೆ ನಾವು ಎಣಿಸಿದಷ್ಟು ಕೆಲಸ ಮಾಡಲಿಲ್ಲ’ ಎಂದಾದರೂ ಅದೇ ಸಭೆ, ಅದೇ ಎರಡು ಪುಟ.

ಮುಗಿಸುವಾಗ

ಕೊನೆಯ ಸಭೆಗೆ ಮೂರು ತಿಂಗಳು ಮುಂಚೆಯೇ ದಿನ ತಿಳಿಸಿ. ಅನುದಾನ ಮುಗಿಯಿತೆಂದು ಸದ್ದಿಲ್ಲದೆ ಗಾಡಿ ನಿಂತುಹೋಗುವುದೇ ಹೆಚ್ಚು. ಆ ಸಭೆಯಲ್ಲಿ ನೋಟ್‌ಬುಕ್ಕಿನ ಮೂರನೆಯ ಮತ್ತು ನಾಲ್ಕನೆಯ ಕಾಲಂ ಪೂರ್ತಿ ಓದಿ. ಉಳಿದ ರಕ್ತದ ಮಾದರಿ ಎಲ್ಲಿದೆ, ಎಷ್ಟು ವರ್ಷ ಇರುತ್ತದೆ, ಬೇರೆ ಅಧ್ಯಯನಕ್ಕೆ ಬಳಸುವ ಮುಂಚೆ ಯಾರನ್ನು ಕೇಳಬೇಕು, ಸಮಿತಿ ಇಲ್ಲವಾದ ಮೇಲೆ ಆ ಪ್ರಶ್ನೆಯನ್ನು ಯಾರ ವಿಳಾಸಕ್ಕೆ ಬರೆಯಬೇಕು ಎಂಬುದನ್ನು ದಾಖಲಿಸಿ ಸದಸ್ಯರಿಗೆ ತಲಾ ಒಂದು ಪ್ರತಿ ಕೊಡಿ. ಹೆಸರುಗಳನ್ನು ಅಳಿಸಿದ ನೋಟ್‌ಬುಕ್ಕಿನ ಜೆರಾಕ್ಸ್ ಒಂದನ್ನು ಬೈಂಡ್ ಮಾಡಿಸಿ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಇಡಿ. ಮುಂದೆ ಇದೇ ಊರಿಗೆ ರಕ್ತ ಕೇಳಿ ಬರುವ ತಂಡಕ್ಕೆ ಅದರ ಮೊದಲ ಪುಟವನ್ನು ಅಲ್ಲಿಯ ಮೇಲ್ವಿಚಾರಕರೇ ತೆರೆದು ಕೊಡಲಿ.